ಪರವಾಗಿಲ್ಲ ಎಂದ ಆರ್ವಿಡ್

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು "ಓ".

ಭಾನುವಾರದ ಪ್ರಾರ್ಥನೆ ಮುಗಿದಿತ್ತು. ನೂರ್‌ಡಾಲ್ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಹಿಡಿದು ನಿಂತಿದ್ದರು. ಲೋಟದ ತಳ ಸ್ಪಷ್ಟವಾಗಿ ಕಾಣಿಸುವಂಥ ಕಾಫಿ ಅದು. ಚರ್ಚಿನ ಹಾಡುಗಾರರ ಮುಂದಾಳು ಲಿನಿಯಾ ಅಲ್ಲೇ ಬಿದ್ದಿದ್ದ ಸಭೆಯ ಸದಸ್ಯರೆಲ್ಲರ ಹಳೆಯ ಫೋಟೋ ಪುಸ್ತಕವನ್ನು ತಿರುವಿ ಹಾಕುತ್ತಿದ್ದಳು. ಒಂದು ಪುಟದಲ್ಲಿ ಅವಳ ಬೆರಳು ನಿಂತಿತು.

"ಇದ್ಯಾರಪ್ಪ ಇದು, ಇಷ್ಟು ಲಕ್ಷಣವಾಗಿದಾರೆ?"

"ನಾನೇ," ಎಂದ ಪಕ್ಕದಲ್ಲಿದ್ದ ಆರ್ವಿಡ್ ನೈಗಾರ್ಡ್.

ಲಿನಿಯಾ ಪುಸ್ತಕ ನೋಡಿದಳು. ಆರ್ವಿಡ್‌ನನ್ನು ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ಪುಸ್ತಕ ನೋಡಿದಳು.

"ಓ," ಎಂದಳು.

ಅಷ್ಟೇ. ಆದರೆ ಆ ಒಂದಕ್ಷರ ಆರ್ವಿಡ್‌ನ ನಿದ್ದೆಯನ್ನೆಲ್ಲ ಕಿತ್ತುಕೊಂಡು ಹೋಯಿತು. ಊರಿನ ಬೆಣ್ಣೆ ಕಾರ್ಖಾನೆಯನ್ನು ಬದುಕಿಡೀ ನೋಡಿಕೊಂಡು ಈಚೆಗೆ ನಿವೃತ್ತನಾಗಿದ್ದ ಬ್ರಹ್ಮಚಾರಿ ಅವನು. ಬ್ರಹ್ಮಚಾರಿಯಾಗಿಯೇ ಉಳಿದದ್ದಕ್ಕೂ ಒಂದು ಕಾರಣವುಂಟು. ಹರೆಯದಲ್ಲಿ ಒಬ್ಬ ಹುಡುಗಿ, "ನಾನು ನಿಂಗೆ ಇಷ್ಟಾನಾ?" ಎಂದು ಕೇಳಿದ್ದಳು. ಆರ್ವಿಡ್‌ನ ಎದೆ ಡವಡವ ಎನ್ನುತ್ತಿತ್ತು, ಆಕಾಶಕ್ಕೆ ಮೂರೇ ಗೇಣು ಉಳಿದಿತ್ತು. ಆದರೆ ಬಾಯಿಂದ ಬಂದದ್ದು, "ಪರವಾಗಿಲ್ಲ" ಎಂಬ ಮಾತು. ಆ ಹುಡುಗಿ ಮಾರನೆಯ ವರ್ಷ ಬೇರೆಯವನನ್ನು ಮದುವೆಯಾದಳು.

ಅವನೊಬ್ಬನನ್ನು ಬೈದು ಫಲವಿಲ್ಲ ಬಿಡಿ. ಮಿನ್ನೆಸೋಟದ ಆ ಸೀಮೆಯ ಜನ ಹುಟ್ಟುತ್ತಲೇ ಪರವಾಗಿಲ್ಲ ಎನ್ನುವ ಜನ. ಆರ್ವಿಡ್‌ನ ಅಪ್ಪ ಜೋಳ ಕೀಳುವ ಯಂತ್ರಕ್ಕೆ ಬೆರಳು ಕೊಟ್ಟು ಬಂದು, "ಪರವಾಗಿಲ್ಲ, ಇನ್ನೂ ಒಂಬತ್ತಿವೆ," ಎಂದು ಊಟಕ್ಕೆ ಕೂತವನು.

ಈಗ ಆರ್ವಿಡ್‌ಗೆ ಇಳಿವಯಸ್ಸಿನಲ್ಲಿ ಲಿನಿಯಾಳ ಮೇಲೆ ಮನಸ್ಸಾಗಿತ್ತು. ಅವಳು ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದ, ಆದರೂ ಮುಖದ ಕಳೆ ಮಾಸದ ಹೆಂಗಸು. ಬುಧವಾರ ಸಂಜೆ ಹೊಸ ಫೋಟೋ ಪುಸ್ತಕಕ್ಕಾಗಿ ಫೋಟೋದವನು ಚರ್ಚಿಗೆ ಬರುವವನಿದ್ದ. ಆ ಪುಸ್ತಕ ಬರುವುದು ಹತ್ತು ವರ್ಷಕ್ಕೊಮ್ಮೆ. ಫೋಟೋ ತೆಗೆಸಿಕೊಂಡ ಬಿಸಿಯಲ್ಲೇ, "ಶನಿವಾರದ ಮೀನೂಟಕ್ಕೆ ನನ್ನ ಪಕ್ಕ ಕೂರ್ತೀರಾ?" ಎಂದು ಲಿನಿಯಾಳನ್ನು ಕೇಳಿಬಿಡಬೇಕು ಎಂದು ಆರ್ವಿಡ್ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಚರ್ಚಿನ ಮೀನೂಟಕ್ಕೆ ಪಕ್ಕದಲ್ಲಿ ಕೂತರೆಂದರೆ ನೂರ್‌ಡಾಲ್‌ನಲ್ಲಿ ಅರ್ಧ ನಿಶ್ಚಿತಾರ್ಥವಾದ ಹಾಗೆ. ಆದರೆ "ಓ" ಎನ್ನಿಸಿಕೊಂಡ ಮುಖ ಹೊತ್ತು ಕೇಳುವುದಾದರೂ ಹೇಗೆ?

ಸೋಮವಾರ ಪಕ್ಕದೂರಿನ ಔಷಧಿ ಅಂಗಡಿಗೆ ಹೋಗಿ, ಯಾರೂ ಗುರುತಿನವರಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸುಕ್ಕು ತೆಗೆಯುವ ರಾತ್ರಿ ಕ್ರೀಮು ತಂದ. ಕಡಲೆಕಾಳಿನಷ್ಟು ಹಚ್ಚಿ ಎಂದು ಡಬ್ಬಿಯ ಮೇಲಿತ್ತು. ಆರ್ವಿಡ್ ಬೆಣ್ಣೆ ಕಾರ್ಖಾನೆಯವನು, ಬ್ರೆಡ್ಡಿಗೆ ಬೆಣ್ಣೆ ಬಳಿದಷ್ಟು ಬಳಿದ. ಮಂಗಳವಾರವೂ ಬಳಿದ. ಸುಕ್ಕು ಜಗ್ಗಲಿಲ್ಲ. ಬುಧವಾರ ಬೆಳಿಗ್ಗೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಾರು ಹತ್ತಿ, ಮಂಕೇಟೋ ಪಟ್ಟಣದ ಚರ್ಮದ ಕ್ಲಿನಿಕ್ಕಿಗೆ ಹೋದ.

ಅಲ್ಲಿ ಟೆಗನ್ ಎಂಬ ಹುಡುಗಿ ಅವನನ್ನು ಒರಗುಕುರ್ಚಿಯಲ್ಲಿ ಮಲಗಿಸಿ, ಮುಖದ ಮೇಲೆ ದೀಪ ಹಿಡಿದಳು.

"ಏನು ಮಾಡಿಸ್ಬೇಕು ಅಂತಿದೀರಿ?"

"ಹೆಚ್ಚೇನೂ ಬೇಡಮ್ಮ. ಸ್ವಲ್ಪ... ತೊಳೆದ ಹಾಗೆ ಕಂಡ್ರೆ ಸಾಕು. ಸಾಯಂಕಾಲ ಚರ್ಚಲ್ಲಿ ಫೋಟೋ ಇದೆ."

"ಇವತ್ತು ಸಾಯಂಕಾಲಾನಾ! ಹಾಗಾದ್ರೆ ಜೋರಾದ ಕೆಮಿಕಲ್ ಪೀಲ್ ಮಾತೇ ಬೇಡ. ಅದು ಮಾಡಿದ್ರೆ ವಾರಗಟ್ಟಲೆ ಮುಖ ಈರುಳ್ಳಿ ಸಿಪ್ಪೆ ಥರ ಸುಲೀತಾ ಇರುತ್ತೆ. ನಿಮಗೆ ಮೃದುವಾಗಿರೋದು ಬೇಕು. ಕುಂಬಳಕಾಯಿ ಲೇಪ ಒಂದಿದೆ..."

"ಕುಂಬಳಕಾಯಿ ತಟ್ಟೇಲಿರಲಿ ಬಿಡಮ್ಮ."

"ಇಲ್ಲಾಂದ್ರೆ ಹಾಲಿಂದು. ಹಾಲು ಹುಳಿಯಾದಾಗ ಬರುತ್ತಲ್ಲ, ಆ ಆಮ್ಲ. ತೀರಾ ಹಗುರವಾಗಿ ಹಚ್ತೀನಿ. ಸ್ವಲ್ಪ ಕೆಂಪಗಾದ್ರೂ ಮಧ್ಯಾಹ್ನದೊಳಗೆ ಇಳಿದುಬಿಡುತ್ತೆ. ಊಟದ ಬಿಡುವಲ್ಲಿ ಮಾಡಿಸ್ಕೊಂಡು ವಾಪಸ್ ಆಫೀಸಿಗೆ ಹೋಗೋರೇ ಜಾಸ್ತಿ."

ಆರ್ವಿಡ್‌ನ ಮುಖ ಅರಳಿತು. ಹಾಲು! ಹಾಲಿನ ಜತೆ ಅವನು ಒಂದು ಜನ್ಮ ಸವೆಸಿದ್ದ. ಹಾಲು ಅವನಿಗೆ ಎಂದೂ ಕೇಡು ಬಗೆದಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಮಿನ್ನೆಸೋಟದಲ್ಲಿ ಇಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ಅದೇ ಆಗಲಿ," ಎಂದ.

"ಮನೇಲಿ ಮುಖಕ್ಕೆ ಏನಾದ್ರೂ ಹಚ್ತೀರಾ? ಸುಕ್ಕಿನ ಕ್ರೀಮು ಗೀಮು? ಹಚ್ತಿದ್ರೆ ಇದು ಮಾಡೋ ಹಾಗಿಲ್ಲ, ಚರ್ಮ ಉರಿದುಹೋಗುತ್ತೆ."

ಈಗ ನೋಡಿ, ಒಂದು ಹೌದು ಅಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನೂರ್‌ಡಾಲ್‌ನ ಗಂಡಸು ಮುಖಕ್ಕೆ ಕ್ರೀಮು ಹಚ್ಚುತ್ತೇನೆ ಎಂದು ಒಪ್ಪಿಕೊಳ್ಳುವುದುಂಟೆ? ಯಾವುದೋ ಕಾಲದಲ್ಲಿ ಗ್ಲೆನ್ ಎಂಬವನು ಕೂದಲಿಗೆ ಬಣ್ಣ ಹಚ್ಚಿಕೊಂಡಿದ್ದ. ಇವತ್ತಿಗೂ ಅವನ ಮೊಮ್ಮಕ್ಕಳನ್ನು 'ಬಣ್ಣದ ಗ್ಲೆನ್ ಮನೆಯವರು' ಎಂದೇ ಗುರುತಿಸುತ್ತಾರೆ.

"ನಾನಾ? ಸೋಪು, ನೀರು. ಅಷ್ಟೇ."

ಟೆಗನ್ ಕುಂಚದಿಂದ ಆಮ್ಲ ಸವರಿದಳು. "ಸ್ವಲ್ಪ ಚುರುಚುರು ಅನ್ನುತ್ತೆ. ಜಾಸ್ತಿ ಉರಿದ್ರೆ ಹೇಳಿ, ತಕ್ಷಣ ಒರೆಸಿಬಿಡ್ತೀನಿ."

ಮೊದಲು ಚುರುಚುರು ಅಂದಿತು. ಆಮೇಲೆ ಅವನ ಮುಖದ ಮೇಲೆ ಕೆಂಜಿಗಗಳು ಮದುವೆ ದಿಬ್ಬಣ ಹೊರಟವು.

"ಉರೀತಿದೆಯಾ?"

"ಪರವಾಗಿಲ್ಲ."

"ನಿಜವಾಗ್ಲೂ? ಹತ್ತಕ್ಕೆ ಎಷ್ಟು ಉರಿ ಇರಬಹುದು?"

ಆರ್ವಿಡ್ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದ. ಕಣ್ಣಲ್ಲಿ ನೀರು ಕಿತ್ತು ಬರುತ್ತಿತ್ತು. ಮೀನೂಟಕ್ಕೆಂದು ಕ್ಷಾರದಲ್ಲಿ ನೆನೆಹಾಕಿದ ಮೀನನ್ನೇ ತಲೆತಲಾಂತರದಿಂದ ಅರಗಿಸಿಕೊಂಡ ವಂಶ ನಮ್ಮದು, ಜುಜುಬಿ ಹುಳಿ ಹಾಲಿಗೆ ಹೆದರುವುದೇ! ಅಪ್ಪನ ಒಂಬತ್ತು ಬೆರಳು ನೆನೆದುಕೊಂಡ.

"ಎರಡು," ಎಂದ. ಸತ್ಯ ಸ್ವಲ್ಪವಾದರೂ ಇರಲಿ ಎಂದು, "ಎರಡೂವರೆ," ಎಂದು ತಿದ್ದಿದ.

ಎರಡೂವರೆ ಎಂದವನ ಮುಖದಿಂದ ಲೇಪ ಒರೆಸಿದ ಟೆಗನ್ ಒಂದು ಹೆಜ್ಜೆ ಹಿಂದೆ ಸರಿದಳು. ಮುಖ ಕೊಯ್ದಿಟ್ಟ ಬೀಟ್‌ರೂಟಿನಂತಿತ್ತು.

"ದೇವರೇ! ಎರಡೂವರೆ ಅಂದ್ರಲ್ಲ! ಇರಿ, ತಣ್ಣನೆ ಮುಲಾಮು ಕೊಡ್ತೀನಿ, ಗಂಟೆಗೊಂದ್ಸಲ ಹಚ್ಚಲೇಬೇಕು..."

"ಪರವಾಗಿಲ್ಲಮ್ಮ, ಪರವಾಗಿಲ್ಲ," ಎನ್ನುತ್ತ ಆರ್ವಿಡ್ ಟೋಪಿ ಏರಿಸಿ ಬಾಗಿಲು ದಾಟಿದ್ದ. ಮುಲಾಮು ಮೇಜಿನ ಮೇಲೇ ಉಳಿಯಿತು.

ಮನೆ ಮುಂದೆ ಕಾರು ನಿಲ್ಲಿಸಿ, ಕಳ್ಳನ ಹಾಗೆ ಬಗ್ಗಿಕೊಂಡು ಬಾಗಿಲ ಕಡೆ ಓಡಿದ. ಆದರೆ ಪಕ್ಕದ ಮನೆಯ ಡೆಲೋರಿಸ್‌ಳ ಕಣ್ಣು ತಪ್ಪಿಸಿ ನೂರ್‌ಡಾಲ್‌ನಲ್ಲಿ ಇರುವೆಯೂ ಮನೆ ಸೇರಿದ್ದಿಲ್ಲ. ಅವಳು ಒಣಗಿದೆಲೆ ಗುಡಿಸುವ ನೆಪದಲ್ಲಿ ಬೇಲಿಗೆ ಒರಗಿ ನಿಂತೇ ಇದ್ದಳು.

"ಅಯ್ಯಯ್ಯೋ! ಏನ್ರೀ ಆರ್ವಿಡ್, ಏನಾಯ್ತ್ರೀ ಮುಖಕ್ಕೆ?"

"ಏನಿಲ್ಲ. ಮಂಕೇಟೋಗೆ ಹೋಗಿದ್ದೆ."

"ಮಂಕೇಟೋಗಾ? ಯಾರ ಹತ್ರ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಒಂದೇ ದಿನ ಎಷ್ಟು ಹೇಳಿಯಾನು? "ಚರ್ಮದವರ ಹತ್ರ," ಎಂದುಬಿಟ್ಟ.

ಡೆಲೋರಿಸ್ ಪೊರಕೆಯನ್ನು ಎದೆಗೆ ಅವಚಿಕೊಂಡಳು. "ಏನಂದ್ರು?"

"ಪರವಾಗಿಲ್ಲ ಅಂದ್ರು."

ಅವಳ ಮುಖದ ರಕ್ತ ಇಳಿದುಹೋಯಿತು. ಅವಳ ಗಂಡ ಮೆರ್ಲ್ ಕೂಡ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತು, "ಪರವಾಗಿಲ್ಲ ಕಣೆ," ಎಂದಿದ್ದ. ಕಾಫಿ ಆರುವ ಮೊದಲೇ ಅವನು ಆರಿಹೋಗಿದ್ದ. ಪರವಾಗಿಲ್ಲ ಎಂಬುದರ ಅರ್ಥ ಡೆಲೋರಿಸ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಧೈರ್ಯವಾಗಿರಿ," ಎಂದು ಹೇಳಿ ಮನೆಯೊಳಕ್ಕೆ ಓಡಿದಳು. ಚರ್ಚಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ ಅವಳೇ. ಯಾರಿಗಾದರೂ ಕಷ್ಟ ಬಂದರೆ ಅವಳು ಒಬ್ಬರಿಗೆ ಫೋನು ಮಾಡಬೇಕು, ಅವರು ಇನ್ನೊಬ್ಬರಿಗೆ, ಹೀಗೆ ಸಭೆಯವರೆಲ್ಲ ಸೇರಿ ದೇವರಲ್ಲಿ ಮೊರೆಯಿಡಬೇಕು. ದೇವರಿಗೆ ಎಷ್ಟು ಮುಟ್ಟುತ್ತಿತ್ತೋ, ಊರಿಗಂತೂ ಪೂರ್ತಿ ಮುಟ್ಟುತ್ತಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲೆಲ್ಲೂ ಇದ್ದಾರೆ. ಮೊದಲನೆಯ ಕೊಂಡಿಯಲ್ಲಿ ಅದು ಚರ್ಮದ ತೊಂದರೆ. ಮೂರನೆಯದರಲ್ಲಿ ಗಡ್ಡೆ. ಬೇಕರಿ ದಾಟುವ ಹೊತ್ತಿಗೆ ಅದು ರಕ್ತಕ್ಕಿಳಿದಿತ್ತು. ಊರಿನ ಆ ತುದಿ ಮುಟ್ಟಿದಾಗ ಡಾಕ್ಟರು ಕೈಚೆಲ್ಲಿ, "ಕ್ರಿಸ್ಮಸ್ ಕಂಡರೆ ಹೆಚ್ಚು," ಎಂದಿದ್ದರು.

ಆರ್ವಿಡ್ ಮುಖವನ್ನು ಒದ್ದೆ ಟವಲಿನಲ್ಲಿ ಸುತ್ತಿಕೊಂಡು ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಹೊಸ್ತಿಲ ಮೇಲೆ ಒಂದು ಹಾಟ್‌ಡಿಶ್. ಮಾಂಸ, ಬೀನ್ಸು, ಮೇಲೆ ಸಾಲಾಗಿ ಆಲೂಗಡ್ಡೆ ಉಂಡೆ, ಇನ್ನೂ ಹಬೆಯಾಡುತ್ತಿದೆ. ತಂದವರ ಸುಳಿವಿಲ್ಲ. ಅದನ್ನು ಒಳಗಿಡುವಷ್ಟರಲ್ಲಿ ಇನ್ನೊಂದು ಬಂತು. ಅಡುಗೆ ಕಟ್ಟೆ ತುಂಬಿತು, ಮೇಜು ತುಂಬಿತು, ಇಸ್ತ್ರಿ ಹಲಗೆಯ ಮೇಲೂ ಎರಡು ಕೂತವು. ಎಲ್ಲ ಪಾತ್ರೆಗಳ ತಳದಲ್ಲೂ ಒಡತಿಯ ಹೆಸರಿನ ಪಟ್ಟಿ. ನೂರ್‌ಡಾಲ್‌ನಲ್ಲಿ ಹೆರಿಗೆಗೆ ಒಂದೆರಡು ಹಾಟ್‌ಡಿಶ್ ಬರುತ್ತವೆ, ಇಷ್ಟೊಂದು ಬರುವುದು ಒಂದೇ ಒಂದು ಕಾರಣಕ್ಕೆ. ಅದು ಆರ್ವಿಡ್‌ಗೆ ಗೊತ್ತಿತ್ತು. ಯಾರೋ ಪಾಪ ಹೋಗಿರಬೇಕು, ವಿಳಾಸ ತಪ್ಪಿ ಇಲ್ಲಿಗೆ ತಂದಿಡುತ್ತಿದ್ದಾರೆ ಎಂದುಕೊಂಡ.

ಆಗ ಫೋನು ಬಂತು. ಚರ್ಚಿನ ಕಾರ್ಯದರ್ಶಿ ವರ್ನಿಸ್. ಫೋಟೋ ಪುಸ್ತಕದ ಜವಾಬ್ದಾರಿ ಅವಳದೇ. ಕಳೆದ ಸಲ ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಇಬ್ಬರು ಹಿರಿಯರು ತೀರಿಕೊಂಡು, ಪುಸ್ತಕದಲ್ಲಿ ಹತ್ತು ವರ್ಷವೂ ಬದುಕಿರುವವರ ನಡುವೆ ನಗುತ್ತ ನಿಂತುಬಿಟ್ಟಿದ್ದರು. ಆಗ ಸಭೆಯಲ್ಲಿ ಎದ್ದು ನಿಂತು, "ಸ್ವಲ್ಪ ಮುಂದಾಲೋಚನೆ ಬೇಡವೇನ್ರೀ?" ಎಂದು ವರ್ನಿಸ್‌ಳನ್ನು ತರಾಟೆಗೆ ತೆಗೆದುಕೊಂಡವನು ಇದೇ ಆರ್ವಿಡ್.

"ಆರ್ವಿಡ್," ವರ್ನಿಸ್‌ಳ ದನಿ ಜೇನಿನಂತಿತ್ತು, "ಹೇಗಿದೀರಿ?"

"ಪರವಾಗಿಲ್ಲ."

ಆ ಕಡೆಯಿಂದ ಮೂಗು ಸೀಟಿದ ಸದ್ದು. "ನೀವು ಹುಟ್ಟಿದ ಇಸವಿ ಯಾವುದು?"

"ಫೋಟೋ ಪುಸ್ತಕಕ್ಕೆ ಹುಟ್ಟಿದ ಇಸವಿ ಯಾತಕ್ಕೆ?"

"ಮುಂದಾಲೋಚನೆ ಆರ್ವಿಡ್. ನೀವೇ ಹೇಳ್ತಿರ್ತೀರಲ್ಲ."

ಸರಿ, ಒಮ್ಮೆಯಾದರೂ ನನ್ನ ಮಾತು ಕೇಳಿದಳಲ್ಲ ಎಂದು ಸಂತೋಷಪಟ್ಟು ಆರ್ವಿಡ್ ಇಸವಿ ಹೇಳಿದ.

ಸಂಜೆಯಾದರೂ ಕೆಂಪು ಇಳಿಯಲಿಲ್ಲ. ಇದ್ದುದರಲ್ಲಿ ಒಂದೇ ಸಮಾಧಾನವೆಂದರೆ ಫೋಟೋ ಪುಸ್ತಕ ಕಪ್ಪು ಬಿಳುಪು. ಬಣ್ಣ ಎಂದರೆ ಆಡಂಬರ ಎಂದು ನೂರ್‌ಡಾಲ್‌ನವರು ಒಪ್ಪಿಕೊಂಡವರೇ ಅಲ್ಲ. ಆರ್ವಿಡ್ ಒಳ್ಳೆಯ ಕೋಟು ತೊಟ್ಟು ಚರ್ಚಿನ ನೆಲಮಾಳಿಗೆ ಇಳಿದ.

ಇಳಿದದ್ದೇ ತಡ, ಗುಜುಗುಜು ಎನ್ನುತ್ತಿದ್ದ ಜನ ಒಮ್ಮೆಲೇ ಅವನತ್ತ ತಿರುಗಿದರು. ಸಾಲು ತಾನಾಗಿ ಇಬ್ಭಾಗವಾಗಿ ದಾರಿ ಬಿಟ್ಟಿತು. ಎಂದೂ ಯಾರನ್ನೂ ಮುಟ್ಟದ ಗಂಡಸರು ಅವನ ಭುಜ ತಟ್ಟಿದರು.

"ಮೊದಲು ನೀವೇ ತೆಗೆಸ್ಕೊಳ್ಳಿ."

"ನನ್ನ ಸರದಿ ಇನ್ನೂ..."

"ಕಾಯಬೇಡಿ ಆರ್ವಿಡ್. ಯಾರಿಗೆ ಗೊತ್ತು," ಎಂದು ಡೆಲೋರಿಸ್ ಕಣ್ಣೊರೆಸಿಕೊಂಡಳು.

ಫೋಟೋದವನು ಹೊರಊರಿನವನು. ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಲ್ಲೇ ಪುಟಕ್ಕೆ ಜೋಡಿಸಿ, ವರ್ನಿಸ್ ಹೂಂ ಎಂದ ಕೂಡಲೇ ಅಚ್ಚಿನವರಿಗೆ ಕಳಿಸಿಬಿಡುತ್ತಿದ್ದ. ಅವನು ಆರ್ವಿಡ್‌ನನ್ನು ಸ್ಟೂಲಿನ ಮೇಲೆ ಕೂರಿಸಿ ಕ್ಲಿಕ್ಕಿಸಿ ಬೆರಗಾದ. "ಸಾರ್, ಏನ್ ಸಾರ್ ಇದು! ಮುಖ ಫಳಫಳ ಅಂತಿದೆ. ಒಂದು ಗೆರೆ ಇಲ್ಲ. ನಲವತ್ತು ಅಂದ್ರೂ ನಂಬ್ತಾರೆ!"

ನಿಜವೇ. ಊತಕ್ಕೆ ಸುಕ್ಕೆಲ್ಲ ತುಂಬಿಕೊಂಡಿತ್ತು. ಆರ್ವಿಡ್‌ಗೆ ಉರಿಯೆಲ್ಲ ಮರೆತುಹೋಯಿತು. ಹಾರುವ ನಡಿಗೆಯಲ್ಲಿ ಕಾಫಿ ಮೇಜಿನ ಹತ್ತಿರ ಬಂದರೆ ಅಲ್ಲಿ ಲಿನಿಯಾ ಅವನಿಗಾಗಿಯೇ ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು.

"ಆರ್ವಿಡ್, ಶನಿವಾರದ ಮೀನೂಟಕ್ಕೆ ನಾನು ನಿಮ್ಮ ಪಕ್ಕ ಕೂರ್ತೀನಿ. ಅಷ್ಟೇ ಅಲ್ಲ, ಇನ್ಮೇಲೆ ದಿನಾ ಸಾಯಂಕಾಲ ನಿಮ್ಮನೆಗೆ ಬರ್ತೀನಿ. ನೀವು ಕರೆಯೋದಿಲ್ಲ ಅಂತ ನಂಗೊತ್ತು. ಅದಕ್ಕೇ ನಾನೇ ಹೇಳ್ತಿದೀನಿ."

ಆರ್ವಿಡ್‌ಗೆ ನೆಲ ಕಾಣಿಸಲಿಲ್ಲ. ಹಾಲಿಗೆ ಇಷ್ಟು ಶಕ್ತಿಯೇ! ಒಂದೇ ಸಲಕ್ಕೆ! "ದಿನಾನಾ?" ಎಂದ.

"ದಿನಾ. ಕ್ರಿಸ್ಮಸ್‌ವರೆಗೂ."

"ಕ್ರಿಸ್ಮಸ್ ಆದ್ಮೇಲೆ?"

ಲಿನಿಯಾ ಬಿಕ್ಕಿದಳು. "ಆಮೇಲಿಂದು ಆಮೇಲೆ. ಇರೋಷ್ಟು ದಿನ ಸಂತೋಷವಾಗಿರೋಣ."

ಆಗ ತಿಳಿಯಿತು ಅವನಿಗೆ. ಹಾಟ್‌ಡಿಶ್‌ಗಳು, ಭುಜ ತಟ್ಟಿದ ಕೈಗಳು, ಡೆಲೋರಿಸ್‌ಳ ಕಣ್ಣೀರು, ಎಲ್ಲ ಒಂದರ ಹಿಂದೊಂದು ಬಂದು ತಲೆಗೆ ಬಡಿದವು. ಬಿಸಿ ತುಪ್ಪ ಬಾಯಿಗಿಟ್ಟ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸುಮ್ಮನಿದ್ದರೆ ಲಿನಿಯಾ ಕೈಯಲ್ಲಿದ್ದಾಳೆ. ಬಾಯಿ ಬಿಟ್ಟರೆ ಅವನೂ ಅವನ ಮನೆತನದ ಹೆಸರೂ ಬಣ್ಣದ ಗ್ಲೆನ್ ಸಾಲಿಗೆ. ಆದರೆ ಅಳುತ್ತಿರುವ ಹೆಂಗಸಿಗೆ ಮೋಸ ಮಾಡುವುದು ಅವನಿಂದಾಗಲಿಲ್ಲ, ಪಾಪದ ಮನುಷ್ಯ.

"ಲಿನಿಯಾ, ನಂಗೇನೂ ಕಾಯಿಲೆ ಇಲ್ಲ. ನಾನು ಸಾಯೋದಿಲ್ಲ. ಫೋಟೋಲಿ ಚೆನ್ನಾಗಿ ಕಾಣ್ಲಿ ಅಂತ ಮುಖಕ್ಕೆ ಹುಳಿ ಹಾಲು ಬಳಿಸ್ಕೊಂಡು ಬಂದೆ."

ಲಿನಿಯಾ ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಅಳುವಿನ ನಡುವೆಯೇ ನಕ್ಕಳು. "ಎಂಥಾ ಮನುಷ್ಯರಪ್ಪ ನೀವು! ಈ ಸ್ಥಿತೀಲೂ ನನ್ನ ನಗಿಸೋಕೆ ನೋಡ್ತಿದೀರಲ್ಲ!"

"ತಮಾಷೆ ಅಲ್ಲ!" ಆರ್ವಿಡ್ ಕುರ್ಚಿ ಹತ್ತಿ ನಿಂತ. "ಕೇಳ್ರಪ್ಪ ಎಲ್ಲಾರೂ! ನಾನು ಅಂದ ಮಾಡಿಸ್ಕೊಳ್ಳೋಕೆ ಹೋಗಿದ್ದೆ! ದುಡ್ಡು ಕೊಟ್ಟು!"

ಆರ್ವಿಡ್ ನೈಗಾರ್ಡ್! ಒಂದೇ ಟೀ ಚೀಲದಲ್ಲಿ ಮೂರು ದಿನ ಟೀ ಕುಡಿಯುವ ಆರ್ವಿಡ್! ಅಂದಕ್ಕಾಗಿ! ದುಡ್ಡು ಕೊಟ್ಟು! ನೆಲಮಾಳಿಗೆಯಲ್ಲಿ ಒಂದೇ ಒಂದು ಜೀವವೂ ನಂಬಲಿಲ್ಲ.

"ತಲೆಗೂ ಏರಿದೆ," ಎಂದು ಯಾರೋ ಪಿಸುಗುಟ್ಟಿದರು.

"ನಮ್ಮ ಮೆರ್ಲ್ ಕೂಡಾ ಹೀಗೇ. ಕೊನೇವರೆಗೂ ಒಪ್ಪಲಿಲ್ಲ," ಎಂದಳು ಡೆಲೋರಿಸ್.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟು ಸದ್ದಾಯಿತು. ಕ್ಲಿನಿಕ್ಕಿನ ಬಿಳಿ ಅಂಗಿಯಲ್ಲೇ ಟೆಗನ್ ಏದುಸಿರು ಬಿಡುತ್ತ ಇಳಿದು ಬಂದಳು. ಕೈಯಲ್ಲಿ ಮುಲಾಮಿನ ಟ್ಯೂಬು.

"ಇಲ್ಲಿದೀರಾ! ಸದ್ಯ, ಚೀಟೀಲಿ ಊರಿನ ಹೆಸರಿತ್ತು, ಚರ್ಚಲ್ಲಿ ಫೋಟೋ ಅಂದಿದ್ದು ನೆನಪಿತ್ತು. ಇದನ್ನ ಬಿಟ್ಟು ಬಂದುಬಿಟ್ರಲ್ಲ! ನಂಗೆ ಕೂತಲ್ಲಿ ಕೂರೋಕಾಗ್ಲಿಲ್ಲ. ನಿಜ ಹೇಳಿ, ನೀವು ಸುಕ್ಕಿನ ಕ್ರೀಮು ಹಚ್ಚಿದ್ರಿ ತಾನೇ?"

"ಎರಡು ರಾತ್ರಿ," ಎಂದ ಆರ್ವಿಡ್, ಕುರ್ಚಿಯ ಮೇಲಿಂದ.

"ನಂಗೊತ್ತಿತ್ತು! ಹಾಲಿನ ಲೇಪಕ್ಕೆ ಯಾರೂ ಇಷ್ಟು ಕೆಂಪಾಗೋದಿಲ್ಲ. ಹೆದರ್ಕೋಬೇಡಿ, ಎರಡು ದಿನದಲ್ಲಿ ಇಳಿಯುತ್ತೆ. ನಿಮ್ಮ ಚರ್ಮ ಗಟ್ಟಿಮುಟ್ಟಾಗಿದೆ."

ಹಂಡೆಯಲ್ಲಿ ಕಾಫಿ ಕುದಿಯುವುದು ಮಾತ್ರ ಕೇಳುತ್ತಿತ್ತು.

"ಅಂದ್ರೆ..." ಡೆಲೋರಿಸ್ ಮೆಲ್ಲಗೆ ಕೇಳಿದಳು, "ಸಾಯೋದಿಲ್ವಾ?" ಆ ದನಿಯಲ್ಲಿ ಸಂತೋಷ ಇತ್ತು, ಇಲ್ಲವೆನ್ನಲಾರೆ. ಆದರೆ ಇನ್ನೂ ಏನೋ ಇತ್ತು.

"ಇಲ್ಲ."

"ನನ್ನ ಹಾಟ್‌ಡಿಶ್ ಇನ್ನೂ ಮುಟ್ಟಿಲ್ಲ ತಾನೇ? ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ."

"ನಂದೂನೂ," ಎಂದಿತು ಹಿಂದಿನಿಂದ ಇನ್ನೊಂದು ದನಿ. "ನೀಲಿ ಮುಚ್ಚಳದ್ದು."

ಆರ್ವಿಡ್ ಕುರ್ಚಿಯಿಂದಿಳಿದು ಲಿನಿಯಾಳ ಕಡೆ ತಿರುಗಿದ. ಅವಳು ಇನ್ನೂ ಹೋಗಿರಲಿಲ್ಲ. ಅವನ ಎದೆಯಲ್ಲಿ ಒಂದು ಚೂರು ಆಸೆ ಚಿಗುರಿತು.

"ನಿಮ್ಮ ವಂಶದಲ್ಲಿ," ಎಂದು ಲಿನಿಯಾ ಯೋಚಿಸುತ್ತ ಕೇಳಿದಳು, "ಸಾಮಾನ್ಯವಾಗಿ ಎಷ್ಟು ವರ್ಷ ಬದುಕ್ತಾರೆ?"

"ಅಪ್ಪ ತೊಂಬತ್ತಾರು," ಎಂದ ಆರ್ವಿಡ್ ಹೆಮ್ಮೆಯಿಂದ. "ಅಜ್ಜಿ ನೂರು ದಾಟಿದ್ದಳು. ನನ್ನ ಹೃದಯ ಹೋರಿ ಇದ್ದ ಹಾಗಿದೆ ಅಂತ ಡಾಕ್ಟರೇ ಹೇಳಿದಾರೆ."

"ಓ," ಎಂದಳು ಲಿನಿಯಾ.

ಅದೇ "ಓ".

"ನೋಡಿ ಆರ್ವಿಡ್, ಮುಚ್ಚುಮರೆ ಯಾಕೆ. ಇಬ್ಬರು ಗಂಡಂದಿರಿಗೆ ಮಾಡಿ ಹಾಕಿ ಸಾಕಾಗಿದೆ ನಂಗೆ. ಕ್ರಿಸ್ಮಸ್‌ವರೆಗೆ ಅಂದ್ರೆ ಹೇಗೋ ಸಂಭಾಳಿಸ್ತಿದ್ದೆ. ಮೂವತ್ತು ವರ್ಷ ಅಂದ್ರೆ... ನೀವೇ ಯೋಚ್ನೆ ಮಾಡಿ." ಅವನ ಕೈಯನ್ನು ಮೆಲ್ಲಗೆ ಅವನಿಗೇ ಹಿಂದಿರುಗಿಸಿದಳು. "ಬೇಜಾರಾಯ್ತಾ?"

"ಪರವಾಗಿಲ್ಲ," ಎಂದ ಆರ್ವಿಡ್.

ಹೇಗೋ ಸಾವರಿಸಿಕೊಂಡು ಕೋಟಿನ ಗುಂಡಿ ಹಾಕಿಕೊಂಡ. ಹೋಗಲಿ, ಫೋಟೋ ಒಂದಾದರೂ ಚೆನ್ನಾಗಿ ಬಂದಿದೆ. ಹತ್ತು ವರ್ಷ ಎಲ್ಲರ ಮನೆಯಲ್ಲೂ ಆ ಮುಖ ಇರುತ್ತದೆ. ಲಿನಿಯಾಳ ಮನೆಯಲ್ಲೂ ಇರುತ್ತದೆ. ಎಂದಾದರೊಂದು ದಿನ ಪುಟ ತಿರುವುವಾಗ ಅವಳ ಬೆರಳು ಅಲ್ಲಿ ನಿಂತೀತು. ಹೀಗೆ ಮನಸ್ಸಿಗೆ ಸಮಾಧಾನ ಹೇಳುತ್ತಿದ್ದಾಗ ಫೋಟೋದವನ ಪಕ್ಕದಿಂದ ವರ್ನಿಸ್ ಎದ್ದು ಬಂದಳು. ಅವಳ ಮುಖವೂ ಈಗ ಹೆಚ್ಚುಕಡಿಮೆ ಆರ್ವಿಡ್‌ನ ಬಣ್ಣಕ್ಕೇ ತಿರುಗಿತ್ತು.

"ಆರ್ವಿಡ್, ಒಂದು ಸಣ್ಣ ವಿಷಯ."

"ಏನು?"

"ಪುಸ್ತಕ ಅಚ್ಚಾಗಿ ಬರೋದು ಕ್ರಿಸ್ಮಸ್ ಆದ್ಮೇಲೆ. ನೀವೇ ಹೇಳಿದ್ರಲ್ಲ, ಕಳೆದ ಸಲದ ಹಾಗೆ ಆಗಬಾರ್ದು, ಮುಂದಾಲೋಚನೆ ಇರಬೇಕು ಅಂತ..."

ಆರ್ವಿಡ್ ಕಂಪ್ಯೂಟರಿನತ್ತ ನಡೆದ. ಕುಟುಂಬಗಳ ಪುಟದಲ್ಲಿ ನೈಗಾರ್ಡ್ ಎಂಬ ಹೆಸರೇ ಇರಲಿಲ್ಲ. ವರ್ನಿಸ್ ಕೊನೆಯ ಪುಟ ತೋರಿಸಿದಳು. ಮೇಲೆ ಒಂದು ಶಿಲುಬೆ, ಎರಡು ಲಿಲಿ ಹೂವು, 'ಪ್ರಭುವಿನಲ್ಲಿ ವಿಶ್ರಮಿಸಿದವರು' ಎಂಬ ದಪ್ಪ ಅಕ್ಷರ. ಅದರ ಕೆಳಗೆ, ನಡುಮಧ್ಯೆ, ಒಂದು ಸುಕ್ಕೂ ಇಲ್ಲದೆ ಫಳಫಳ ಹೊಳೆಯುತ್ತ, ಆರ್ವಿಡ್ ನಗುತ್ತಿದ್ದ. ಹೆಸರಿನ ಕೆಳಗೆ ಹುಟ್ಟಿದ ಇಸವಿ ಇತ್ತು, ಪಕ್ಕದಲ್ಲೊಂದು ಗೀಟು.

"ಇದು ಹೋಯ್ತಾ ಅಚ್ಚಿಗೆ?"

"ಆಗ್ಲೇ ಹೋಯ್ತು. ಹೋದ ಪುಟ ವಾಪಸ್ ಬರೋದಿಲ್ಲ ಅಂತಿದಾರೆ. ಮುಂದಿನ ಪುಸ್ತಕದಲ್ಲಿ, ಹತ್ತು ವರ್ಷಕ್ಕೆ, ಖಂಡಿತ ಬದುಕಿರೋರ ಜತೆ ಹಾಕ್ತೀನಿ." ವರ್ನಿಸ್ ಸಮಾಧಾನ ಮಾಡುವ ದನಿಯಲ್ಲಿ ಸೇರಿಸಿದಳು, "ಆದ್ರೂ ನೋಡಿ, ಆ ಪುಟದಲ್ಲಿ ನಿಮ್ಮಷ್ಟು ಲಕ್ಷಣವಾಗಿರೋರು ಇನ್ಯಾರೂ ಇಲ್ಲ."

ಅವನ ಹೆಗಲ ಮೇಲಿಂದ ಲಿನಿಯಾ ಇಣುಕಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದಳು.

"ಅಯ್ಯೋ," ಎಂದು ನಿಟ್ಟುಸಿರಿಟ್ಟಳು, "ಇಂಥವರು ಇನ್ನು ನಮ್ಮ ನಡುವೆ ಇಲ್ವಲ್ಲ."